ನೂರು ಬುಟ್ಟಿ ಬತ್ತಿ

ಲಕ್ಷ ದೀಪದ ಬತ್ತಿ ಹೊಸೆದು ದೇವರಿಗೆ ಒಪ್ಪಿಸುತ್ತೇನೆಂದು ಹರಕೆ ಹೊತ್ತವರು ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಹಲವರಿದ್ದರು. ಕೋಟಿ ಹೊತ್ತವಳು ದ್ರಾಕ್ಷಾಯಣಿ ಒಬ್ಬಳೇ. ಐವತ್ಮೂರನೆಯ ಇಸವಿಯಲ್ಲಿ ಮಗಳು ತಿಪ್ಪವ್ವ ಜ್ವರದಲ್ಲಿ ಕಣ್ಣು ತೇಲಿಸಿದಾಗ, ಲಕ್ಷ ಸಾಲದೆಂದು ತೋರಿ, ಬಾಯಿಗೆ ಬಂದ ದೊಡ್ಡ ಸಂಖ್ಯೆಯನ್ನು ಈಶ್ವರನ ಮುಂದೆ ಆಡಿಬಿಟ್ಟಳು. ಮಗು ಉಳಿಯಿತು. ಕೋಟಿಯೆಂದರೆ ಲಕ್ಷದ ಅಣ್ಣನಿರಬೇಕು, ಎರಡು ಮೂರು ವರ್ಷ ಹೊಸೆದರೆ ತೀರೀತು ಎಂದುಕೊಂಡಳು.

ಮರುವರ್ಷದ ಶ್ರಾವಣಕ್ಕೆ ಒಂದು ಬುಟ್ಟಿ ತುಂಬಿತು. ಅದೇ ವಾರ ತಿಪ್ಪವ್ವನ ಮೈ ಮತ್ತೆ ಕಾಯತೊಡಗಿತು.

"ದೇವರು ಬಾಕಿ ಕೇಳಾಕತ್ತಾನ," ಎಂದಳು ಅತ್ತೆ ಅನ್ನವ್ವ. "ಕೈ ನಿಲ್ಲಿಸಬ್ಯಾಡ. ನಿಲ್ಲಿಸಿದ್ಯೋ, ಕೂಸು ಹೋತು."

ದ್ರಾಕ್ಷಾಯಣಿ ಹತ್ತಿಯ ಮುಂದಿನಿಂದ ಏಳಲಿಲ್ಲ. ಅಂಗೈ ಸುಲಿಯಿತು. ಮೂರನೆಯ ದಿನ ಮಧ್ಯಾಹ್ನ ಮಗು ನೀರನ್ನೂ ನುಂಗಲಿಲ್ಲ. ಗಂಡ ಗವಿಸಿದ್ದಪ್ಪ, ಗುಂಡಿಗೆ ಕಾಲಿಳಿಸಿ ನೇಯುವ ಕುಣಿಮಗ್ಗ ಬಿಟ್ಟು ಮೇಲೆ ಬಂದ.

"ಏಳು, ರೋಣದ ದವಾಖಾನಿಗೆ ಒಯ್ಯೋಣು. ಮೋಟಾರು ಬರೂ ಹೊತ್ತಾತು."

"ತಡೀರಿ, ಇನ್ನೊಂದೀಟು ಹೊಸಿತೀನಿ. ಹರಕಿ ಮುಟ್ಟಲಿ."

"ಈ ಬುಟ್ಟ್ಯಾಗ ಎಷ್ಟದಾವ?"

"ಲಕ್ಷ."

"ಇಂಥಾವು ನೂರು ಆದ್ರ ಕೋಟಿ. ಮನಿ ತುಂಬ ಪೇರಿಸಿ, ಮಗ್ಗದ ಕುಣಿ ತುಂಬಿಸಿ, ಉಳಿದದ್ದು ಓಣ್ಯಾಗ ಇಡಬೇಕು. ಒಂದ ಬುಟ್ಟಿಗೆ ವರ್ಷ ಹಿಡೀತಲ್ಲ? ನೂರು ವರ್ಷ ಬೇಕು. ಅಷ್ಟೊತ್ತಿಗೆ ನೀನೂ ಇರೂದಿಲ್ಲ, ಈ ಕೂಸೂ ಇರೂದಿಲ್ಲ."

"ನಿನ್ನ ಬಾಯಾಗ ಮಣ್ಣ ಹಾಕ!" ಅನ್ನವ್ವ ಮಗನ ಮೇಲೆ ಚೀರಿದಳು.

ದ್ರಾಕ್ಷಾಯಣಿ ಬುಟ್ಟಿಯನ್ನು ನೋಡಿದಳು. ಹೋದ ಸುಗ್ಗಿ, ಬೇಸಿಗೆ, ಮಳೆ ಎಲ್ಲ ಅದರೊಳಗೆ ಕೂತಿದ್ದವು. ಅಂಥ ನೂರು ಬುಟ್ಟಿಗಳನ್ನು ಮನಸ್ಸಿನಲ್ಲೇ ಗೋಡೆಯಿಂದ ಗೋಡೆಗೆ ಜೋಡಿಸಿದಳು. ಎರಡನೆಯ ಸಾಲಿಗೇ ತಲೆ ತಿರುಗಿತು. ನೂರು ವರ್ಷಕ್ಕೆ ತೀರುವುದು ಈ ಸಂಜೆಯೊಳಗೆ ತೀರುವುದಿಲ್ಲ. ಇನ್ನೊಂದು ಹಿಡಿ ಬತ್ತಿ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಮೋಟಾರು ಮಾತ್ರ ಕಾಯುವುದಿಲ್ಲ.

"ಅತ್ತಿ, ಕೋಟಿ ಅಂದ್ರ ಎಷ್ಟಂತ ನನಗ ಗೊತ್ತಿರಲಿಲ್ಲ. ದೇವರಿಗೆ ಗೊತ್ತಿತ್ತಲ್ಲ? ಗೊತ್ತಿದ್ದೂ ಸುಮ್ಮನ ಕೇಳಿಸಿಕೊಂಡಾನ. ಇನ್ನ ಅಂವಾ ಕಾಯಲಿ."

ಮಡಿಲ ಹತ್ತಿಯನ್ನು ಕೊಡವಿ ಮಗುವನ್ನು ಎತ್ತಿಕೊಂಡು ಓಡಿದಳು.

ತಡಮಾಡಿದ್ದಕ್ಕೆ ರೋಣದ ಡಾಕ್ಟರರು ಇಬ್ಬರನ್ನೂ ಬೈದರು. ತಿಪ್ಪವ್ವ ಬದುಕಿದಳು, ಬಲಗಿವಿ ಮಾತ್ರ ಕೊನೆಯವರೆಗೂ ಕೇಳಿಸಲಿಲ್ಲ.

ದ್ರಾಕ್ಷಾಯಣಿ ಆಮೇಲೂ ಬಿಡುವಾದಾಗ ಬತ್ತಿ ಹೊಸೆದಳು. ಇನ್ನೆಷ್ಟು ಉಳಿಯಿತೆಂದು ಅನ್ನವ್ವ ಕೇಳಿದರೆ, ತಲೆಯೆತ್ತದೆ, "ಓಣಿ ತುಂಬ" ಎನ್ನುತ್ತಿದ್ದಳು.