ನನ್ನ ಮಡಿಲಲ್ಲಿದ್ದ ಅತ್ತೆಯ ಕೈ

ಮಗಳು ಸುಮಾ, ಹುಟ್ಟಲಿರುವ ತನ್ನ ಮಗುವಿಗೆಂದು ನಾನು ಹೊಲಿದಿಟ್ಟ ಪುಟ್ಟ ಅಂಗಿಯನ್ನು ಎತ್ತಿ ಹಿಡಿದು ಕೇಳಿದಳು, "ಅವ್ವ, ಮಗ ಇನ್ನೊಂದು ಕೈನ ಎಲ್ಲಿಂದ ಆಚೆ ತೆಗೀಬೇಕು?"

ನನಗೆ ನಗು ಬಂತು. ಎರಡು ತೋಳೂ ಇಟ್ಟಿದ್ದೀನಿ, ಕಣ್ಣು ಬಿಟ್ಟು ನೋಡು ಅಂದೆ. ಅವಳು ಬುಟ್ಟಿಯಿಂದ ಇನ್ನೊಂದು ಅಂಗಿ ತೆಗೆದಳು. ಮತ್ತೊಂದು ತೆಗೆದಳು. ಆಮೇಲೆ ಅಂಗಿ ಬಿಟ್ಟು ನನ್ನ ಮುಖವನ್ನೇ ನೋಡತೊಡಗಿದಳು. ಆ ಅಂಗಿಗಳಿಗೆಲ್ಲ ಬಲಗಡೆ ಮಾತ್ರ ತೋಳಿತ್ತಂತೆ. ಎಡಗಡೆ ಬಟ್ಟೆ ಕತ್ತರಿಸಿದ ಹಾಗೇ ಜೋತಾಡುತ್ತಿತ್ತಂತೆ. ಇದು ಅವಳು ಆಮೇಲೆ ಹೇಳಿದ ಮಾತು. ನನಗೆ ಆಗ ಕಂಡದ್ದು ಪೂರ್ತಿ ಅಂಗಿಗಳು, ಅದೂ ಚೊಕ್ಕವಾಗಿ ಹೊಲಿದವು.

"ನಿನ್ನ ಸೆರಗು ಬಿದ್ದೋಗ್ಯದೆ ಕಣವ್ವ," ಅಂದಳು.

ಇಲ್ಲ ಅಂದೆ. ಎದ್ದೆ. ಬಿದ್ದೆ.

ಗುಂಡ್ಲುಪೇಟೆಯ ನಮ್ಮ ಬೀದಿಯಲ್ಲಿ ನನ್ನ ಹೊಲಿಗೆಗೆ ಒಂದು ಹೆಸರಿದೆ. ಅಂಗಡಿ ಇಟ್ಟವಳಲ್ಲ. ನಡುಮನೆಯ ಕಿಟಕಿ ಪಕ್ಕ ಮಿಷನ್ ಇದೆ, ಒಲೆ ಮೇಲೆ ಸಾರು ಕುದಿಯುವಾಗ ಒಂದು ರವಿಕೆ, ಅಕ್ಕಿ ನೆನೆಯುವಷ್ಟರಲ್ಲಿ ಒಂದು ಸ್ಕೂಲ್ ಚಡ್ಡಿ. ಹರಿದದ್ದನ್ನು ಕಂಡರೆ ನನಗೆ ಸುಮ್ಮನಿರಲಾಗುವುದಿಲ್ಲ. ಬಂದವರ ಅಂಗಿಯ ಗುಂಡಿ ಸಡಿಲವಾಗಿದ್ದರೆ ಬಿಚ್ಚಿಸಿಕೊಂಡು ಹೊಲಿದುಕೊಟ್ಟೇ ಕಾಫಿ ಕೊಡುತ್ತೇನೆ. ಇದನ್ನೆಲ್ಲ ಕಲಿಸಿದವರು ನನ್ನ ಅತ್ತೆ. ಅವರು ತೀರಿಕೊಂಡು ಎರಡು ವರ್ಷವಾಗಿರಬಹುದು. ನಮ್ಮಲ್ಲಿ ಹುಟ್ಟಿದ ಮಗುವಿಗೆ ಮೊದಲು ಹೊಸ ಬಟ್ಟೆ ಹಾಕುವುದಿಲ್ಲ. ತುಂಬು ಬಾಳು ಬಾಳಿದವರ ಹಳೇ ನೂಲಿನ ಸೀರೆ ಹರಿದು ಅದರಲ್ಲೇ ಅಂಗಿ, ಕುಲಾವಿ ಹೊಲಿಯುತ್ತೇವೆ. ಸುಮಾ ಚೊಚ್ಚಲ ಹೆರಿಗೆಗೆ ಕುದೇರಿನ ಗಂಡನ ಮನೆಯಿಂದ ಬಂದಿದ್ದಳು. ನಾನು ಕತ್ತರಿಸಿದ್ದು ಅತ್ತೆಯ ಸೀರೆಗಳನ್ನೇ.

ಚೆಂಡುಹೂವಿನ ತೂಕಕ್ಕೆ ಹೋಗಿದ್ದ ನಮ್ಮ ಯಜಮಾನರು ಕೈಯಲ್ಲಿ ಹೂವಿನ ವಾಸನೆ ಇಟ್ಟುಕೊಂಡೇ ಓಡಿಬಂದರು. ಕಾರು ಮಾಡಿಕೊಂಡು ಚಾಮರಾಜನಗರದ ಆಸ್ಪತ್ರೆಗೆ ಹೋದೆವು. ಸಿ.ಟಿ. ಸ್ಕ್ಯಾನ್, ಆಮೇಲೆ ಎಂ.ಆರ್.ಐ. ಮಿದುಳಿನ ಬಲಭಾಗದಲ್ಲಿ ಸ್ಟ್ರೋಕ್ ಎಂದರು. ಎಡಗೈ, ಎಡಗಾಲಿಗೆ ಶಕ್ತಿ ಇಲ್ಲ ಎಂದರು. ನಾನು ಅವರ ಮಾತನ್ನು ಬೇರೆ ಯಾರದೋ ಸುದ್ದಿ ಎಂಬಂತೆ ಕೇಳಿಸಿಕೊಂಡೆ. ಪಾಪ ಅನ್ನಿಸಿತು.

ಡಾಕ್ಟರು ಹೊದಿಕೆ ಸರಿಸಿ ಒಂದು ಕೈ ಎತ್ತಿ ನನ್ನ ಕಣ್ಣ ಮುಂದೆ ಹಿಡಿದರು.

"ಅಮ್ಮ, ಇದು ಯಾರ ಕೈ?"

"ನಮ್ಮತ್ತೇದು."

ನಮ್ಮ ಯಜಮಾನರು ಗೋಡೆಗೆ ಒರಗಿದರು.

ಡಾಕ್ಟರು ಗಾಬರಿಯಾಗಲಿಲ್ಲ. "ನಿಮ್ಮತ್ತೆ ಎಲ್ಲಿದ್ದಾರಮ್ಮ?" ಅಂದರು.

"ತೀರ್ಕಂಡ್ರಲ್ಲ ಡಾಕ್ಟ್ರೇ."

"ಮತ್ತೆ ಈ ಕೈ?"

"ಕೈ ಇಲ್ಲೇ ಅದೆಯಲ್ಲ."

ಇವತ್ತು ಇದನ್ನು ಬರೆಯುವಾಗ ಮೈ ಜುಮ್ಮೆನ್ನುತ್ತದೆ. ಆದರೆ ಅವತ್ತು ನನಗೆ ಕನಸು ಕಂಡಂತೆಯೋ ಜ್ವರದಲ್ಲಿ ಬಡಬಡಿಸಿದಂತೆಯೋ ಇರಲಿಲ್ಲ. ಅನ್ನ ನೋಡಿ ಅನ್ನ ಎನ್ನುವಷ್ಟು ಸಲೀಸಾಗಿ ಹೇಳಿದ್ದೆ. ತಣ್ಣಗಿದ್ದ, ಭಾರವಾದ ಕೈ. ಗೆಣ್ಣು ದಪ್ಪ. ತೋರುಬೆರಳ ತುದಿಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಒರಟಾದ ಚರ್ಮ. ನನ್ನ ಬಾಣಂತನದಲ್ಲಿ ಅತ್ತೆ ನನ್ನ ಪಕ್ಕ ಮಲಗಿ ಒಂದು ಕೈಯನ್ನು ನನ್ನ ಹೊಟ್ಟೆ ಮೇಲೆ ಇಟ್ಟುಕೊಂಡಿರುತ್ತಿದ್ದರು. ಈಗಲೂ ಹಾಗೇ ಮಲಗಿದ್ದಾರೆ, ಅಷ್ಟೇ. ಸತ್ತವರು ಹೇಗೆ ಬಂದರು ಎಂದು ಕೇಳುವ ಜಾಗವೇ ನನ್ನ ತಲೆಯಲ್ಲಿ ಮುಚ್ಚಿಹೋಗಿತ್ತು.

ಹಾಸಿಗೆ ಸಾಲುವುದಿಲ್ಲ, ಅವರಿಗೆ ಬೇರೆ ಮಂಚ ಕೊಡಿ ಎಂದು ನರ್ಸ್ ಹತ್ತಿರ ಜಗಳ ಮಾಡಿದೆ. ಅದರ ಬೆನ್ನಿಗೇ ನಾನು ಇನ್ನೊಂದು ಮಾತು ಹೇಳಿದೆನಂತೆ. ನನಗೆ ನೆನಪಿಲ್ಲ. ಸುಮಾಳಿಗೆ ನೆನಪಿದೆ.

"ಮಗ ಹುಟ್ಟಿದ್ ಮ್ಯಾಲೆ ನನ್ನ ಈ ಪಕ್ಕಕ್ಕೆ ಮನಗಿಸ್ಬ್ಯಾಡ ಕಣಮ್ಮಿ. ಅತ್ತೆ ಎತ್ಕಂಡ್ ಓಯ್ತಾರೆ."

ತುಂಬಿದ ಹೊಟ್ಟೆಯ ಹುಡುಗಿಗೆ ಹೆತ್ತ ತಾಯಿ ಆಡುವ ಮಾತೇ ಇದು! ಅವಳು ಅವತ್ತು ಹೊಟ್ಟೆ ಮೇಲೆ ಎರಡೂ ಕೈ ಇಟ್ಟುಕೊಂಡು ವಾರ್ಡಿನಿಂದ ಆಚೆ ಹೋದಳಂತೆ. ಮಗುವನ್ನು ನನ್ನ ಕೈಗೆ ಕೊಡಬಹುದೇ ಎಂಬ ಪ್ರಶ್ನೆ ಅವತ್ತೇ ಅವಳೊಳಗೆ ಹೊಕ್ಕಿತ್ತು.

ಬಳೆಯ ವಿಷಯ ಹೇಳುವುದಕ್ಕೆ ನನಗೆ ಇನ್ನೂ ಕಷ್ಟ. ಸುಮಾಳ ಸೀಮಂತದಲ್ಲಿ ಎಲ್ಲರ ಜೊತೆ ನಾನೂ ಎರಡೂ ಕೈ ತುಂಬ ಹಸಿರು ಗಾಜಿನ ಬಳೆ ತೊಟ್ಟಿದ್ದೆ. ಮಾವ ತೀರಿಕೊಂಡ ಮೇಲೆ ಅತ್ತೆ ಬಳೆ ತೊಟ್ಟವರಲ್ಲ. ಆಸ್ಪತ್ರೆಯಲ್ಲಿ ಒಂದು ಬೆಳಿಗ್ಗೆ ಆ ಕೈಯನ್ನು ನೋಡಿದೆ. ಹಸಿರು ಬಳೆ ಫಳಫಳ ಅನ್ನುತ್ತಿತ್ತು. ಈ ವಯಸ್ಸಿನಲ್ಲಿ ಇವರಿಗೇನು ಬಂತು, ನನ್ನ ಬಳೆ ತೊಟ್ಟುಕೊಂಡಿದ್ದಾರಲ್ಲ, ಕಂಡವರು ಏನಂದಾರು ಅನ್ನಿಸಿತು. ನಾಚಿಕೆಯಾಯಿತು, ಅವರ ಪರವಾಗಿ. ಬಲಗೈಯಲ್ಲಿ ಆ ಮಣಿಕಟ್ಟನ್ನು ಹಿಡಿದು ಮಂಚದ ಕಬ್ಬಿಣದ ಕಂಬಿಗೆ ಕುಟ್ಟಿದೆ. ಮತ್ತೆ ಮತ್ತೆ ಕುಟ್ಟಿದೆ.

ಗಂಡ ಎದುರಿಗೆ ನಿಂತಿರುವಾಗಲೇ ನಾನು ನನ್ನ ಬಳೆ ಒಡೆದುಕೊಂಡೆ.

"ಏನಮ್ಮಿ ಮಾಡ್ಬುಟ್ಟೆ! ನಾನಿನ್ನೂ ಬದುಕಿವ್ನಿ ಕಣಮ್ಮಿ," ಎಂದು ಅವರು ಕೂಗಿದ್ದು ಇಡೀ ವಾರ್ಡಿಗೆ ಕೇಳಿಸಿತಂತೆ. ಗಾಜು ಚುಚ್ಚಿ ರಕ್ತ ಬರುತ್ತಿತ್ತು. ನನಗೆ ಒಂದಿಷ್ಟೂ ನೋವಿಲ್ಲ. ಅತ್ತೆಗೆ ಏಟಾಯಿತು, ಯಾರಾದರೂ ಬನ್ನಿ ಎಂದು ನರ್ಸನ್ನು ಕರೆದದ್ದೂ ನಾನೇ.

ಡಾಕ್ಟರು ನಮ್ಮ ಯಜಮಾನರನ್ನು ಕೂರಿಸಿ ತಿಳಿಸಿ ಹೇಳಿದರು. ಮಿದುಳಿನ ಯಾವ ಭಾಗ ನಮ್ಮ ಮೈಯನ್ನು ನಮ್ಮದು ಎಂದು ಗುರುತಿಸುತ್ತದೋ ಅಲ್ಲಿಗೆ ಏಟು ಬಿದ್ದಿದೆ, ಎಡಗಡೆಯ ಲೋಕವನ್ನೇ ಇವರ ಮಿದುಳು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ, ಇದಕ್ಕೆ ನೆಗ್ಲೆಕ್ಟ್ ಎನ್ನುತ್ತಾರೆ, ಬಹಳ ಜನರಿಗೆ ನಿಧಾನವಾಗಿ ಕಡಿಮೆಯಾಗುತ್ತದೆ ಎಂದು. ಅವರು ತಲೆಯಾಡಿಸಿದರು. ಒಡೆದ ಬಳೆ ಚೂರುಗಳನ್ನು ಮಾತ್ರ ಕಸದ ಬುಟ್ಟಿಗೆ ಹಾಕಲು ಬಿಡದೆ ಟವೆಲ್ಲಿನಲ್ಲಿ ಕಟ್ಟಿಕೊಂಡರು.

ಮನೆಗೆ ಬಂದೆ. ಮನೆ ಅರ್ಧ ಆಗಿತ್ತು.

ಕತ್ತಲು ಕವಿದಿತ್ತು ಅಂತಲ್ಲ. ಎಡಗಡೆ ಎನ್ನುವುದೇ ಇರಲಿಲ್ಲ. ತಟ್ಟೆಯಲ್ಲಿ ಬಲಗಡೆಯ ಅನ್ನ ಉಂಡು, ಇಷ್ಟೇನಾ ಬಡಿಸಿದ್ದು ಎಂದು ಸಿಟ್ಟಾಗುತ್ತಿದ್ದೆ. ಸುಮಾ ತಟ್ಟೆ ತಿರುಗಿಸಿದರೆ ಎಲ್ಲಿಂದಲೋ ಅನ್ನ ಬರುತ್ತಿತ್ತು. ಎಡಕ್ಕೆ ಕೂತವರು ಬರೀ ಧ್ವನಿಯಾಗಿದ್ದರು. ಅವರು ಎದ್ದು ಬಲಕ್ಕೆ ಬಂದಾಗ ಗೋಡೆಯೊಳಗಿಂದ ಬಂದಂತೆ ದಿಢೀರನೆ ಮೂಡುತ್ತಿದ್ದರು. ನಾನು ಕಿರುಚುತ್ತಿದ್ದೆ. ಆ ಕಡೆ ಯಾರು ಯಾರಿದ್ದಾರೆ ಎಂಬುದು ನನಗೆ ತಿಳಿಯುತ್ತಲೇ ಇರಲಿಲ್ಲ. ಅತ್ತೆ ಇದ್ದಾರೆ ಎಂಬುದು ಮಾತ್ರ ಗೊತ್ತಿತ್ತು.

ಬಾಣಂತನಕ್ಕೆ ಆಸರೆಯಾಗಲೆಂದು ಹರದನಹಳ್ಳಿಯಿಂದ ನಮ್ಮ ಯಜಮಾನರ ಅಕ್ಕ ಶಿವಮ್ಮಕ್ಕ ಬಂದರು. ಅತ್ತೆಯ ಹಿರಿಮಗಳು. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ನನ್ನ ಸುದ್ದಿಯೆಲ್ಲ ಕೇಳಿಸಿಕೊಂಡರು. ಮಾರನೆಯ ದಿನ ನಾನು ಗೋಡೆಗೆ ಒರಗಿ ಕೂತಿದ್ದಾಗ ಬಳಿ ಬಂದರು. ನನ್ನ ಮುಖ ನೋಡಲಿಲ್ಲ. ಮಡಿಲಲ್ಲಿದ್ದ ಆ ಕೈಯ ಮುಂದೆ ಕೂತು, ತಮ್ಮ ಬೆರಳುಗಳನ್ನು ಅದರ ಅಂಗೈಯಲ್ಲಿಟ್ಟರು.

"ಅವ್ವಾ, ನನ್ ಕುಟ್ಟೆ ಮಾತಾಡ್ದೆ ಓಗ್ಬುಟ್ಯಲ್ಲವ್ವ," ಅಂದರು.

ಕೈ ಅವರ ಬೆರಳುಗಳನ್ನು ಹಿಡಿದುಕೊಂಡಿತು.

ನಾನು ಹಿಡಿಯಲಿಲ್ಲ. ದೇವರಾಣೆಗೂ ನಾನು ಹಿಡಿಯಲಿಲ್ಲ. ಅದುವರೆಗೆ ಅಲುಗಾಡದ ಬೆರಳುಗಳು ಒಂದೊಂದಾಗಿ ಮಡಚಿಕೊಂಡವು. ಶಿವಮ್ಮಕ್ಕ ಬಿಡಿಸಿಕೊಳ್ಳಲು ನೋಡಿದಷ್ಟೂ ಹಿಡಿತ ಬಿಗಿಯಾಯಿತು. ಸುಮಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಫಾಲೋ-ಅಪ್‌ಗೆ ಹೋದಾಗ ಡಾಕ್ಟರು ಇದು ರಿಫ್ಲೆಕ್ಸ್, ಎಳೆ ಮಕ್ಕಳು ಬೆರಳು ಹಿಡಿಯುತ್ತವಲ್ಲ ಹಾಗೆ ಅಂದರು. ಇರಬಹುದು. ಆದರೆ ಶಿವಮ್ಮಕ್ಕ ಆ ಸಂಜೆ ಅಡುಗೆಮನೆಯಲ್ಲಿ ತಮ್ಮನಿಗೆ, "ಅವ್ವನೇ ಕಣ್ಲಾ. ಅವ್ಳ ಸೀರೆ ಮ್ಯಾಲೆ ಕತ್ರಿ ಆಡಿಸ್ದ್ರಲ್ಲ, ಅದ್ಕೇ ಬಂದವ್ಳೆ," ಎಂದದ್ದು ನನಗೆ ಕೇಳಿಸಿತು.

"ಸುಮ್ನೆ ಇರಕ್ಕ," ಎಂದರು ಅವರು. ಧ್ವನಿಯಲ್ಲಿ ಗಟ್ಟಿತನ ಇರಲಿಲ್ಲ.

ಆಗ ನನಗೆ ಮೊದಲ ಸಲ ಭಯವಾಯಿತು. ಅತ್ತೆಯ ಭಯವಲ್ಲ, ಮಗಳು ದೂರವಾಗುತ್ತಾಳೆಂಬ ಭಯ. ನನ್ನ ಮಗಳು ಅಂದಿನಿಂದ ನನ್ನ ಬಲಗಡೆ ಮಾತ್ರ ಕೂರತೊಡಗಿದಳು.

ಫಿಸಿಯೋಥೆರಪಿ ಕಲಿಸಿಕೊಡಲು ವಾರಕ್ಕೊಮ್ಮೆ ಒಬ್ಬಳು ಹುಡುಗಿ ಬರುತ್ತಿದ್ದಳು. ಕೈ ಎತ್ತಿ, ಇಳಿಸಿ, ಚೆಂಡು ಹಿಸುಕಿ ಎಂದರೆ ನನಗೆ ಬೇಸರ. ನಿಮಗೆ ಯಾವ ಕೆಲಸ ಇಷ್ಟ ಅಂದಳು. ಹೊಲಿಗೆ ಅಂದೆ. ಮಿಷನ್ ಹತ್ತಿರ ಸುಳಿಯಬಾರದು, ಸೂಜಿ ಕೆಳಗೆ ಬೆರಳು ಹೋದರೂ ನಿಮಗೆ ಗೊತ್ತಾಗುವುದಿಲ್ಲ, ಕೈಹೊಲಿಗೆ ಮಾಡೋಣ ಅಂದಳು. ಬಟ್ಟೆಯ ಎಡ ಅಂಚಿಗೆ ಸುಮಾಳ ಕೈಯಲ್ಲಿ ಕೆಂಪು ದಾರದ ಉದ್ದ ಹೊಲಿಗೆ ಹಾಕಿಸಿದಳು. "ಕೆಂಪು ಕಾಣೋ ತನಕ ತಲೆ ತಿರುಗಿಸ್ತಾ ಹೋಗಿ ಆಂಟಿ. ಕಾಣದೆ ಸೂಜಿ ಹಾಕಬೇಡಿ."

ಬಟ್ಟೆ ಮುಗಿಯಿತು ಎಂದು ನನಗನ್ನಿಸಿದ ಮೇಲೂ ತಲೆ ತಿರುಗಿಸಬೇಕಿತ್ತು. ಬಾಗಿಲೇ ಇಲ್ಲದ ಗೋಡೆಗೆ ಮುಖ ಒತ್ತಿದಂತಾಗುತ್ತಿತ್ತು. ಮತ್ತೂ ತಿರುಗಿಸಿದಾಗ ಎಲ್ಲಿಂದಲೋ ಕೆಂಪು ದಾರ ಬಂದುಬಿಡುತ್ತಿತ್ತು. ಅದರ ಜೊತೆ ಒಂದು ಕೈ ಬರುತ್ತಿತ್ತು, ಬಟ್ಟೆ ಮೇಲೆ ಬಿದ್ದುಕೊಂಡಿರುವ ಕೈ. ದಿನಾ ಅದನ್ನು ನೋಡಿ ನಾನು ಬೆಚ್ಚುತ್ತಿದ್ದೆ. ಯಜಮಾನರ ಹರಿದ ಅಂಗಿಯ ಕಾಲರ್ ತಿರುಗಿಸಿ ಹೊಲಿದೆ. ದಿಂಬಿನ ಚೀಲಕ್ಕೆ ತೇಪೆ ಹಾಕಿದೆ. ಒಂದು ದಿನ ಅಂಗಿಯ ಜೊತೆ ನನ್ನ ಸೀರೆಯ ನೆರಿಗೆಯನ್ನೂ ಸೇರಿಸಿ ಹೊಲಿದು ಎದ್ದು ನಿಂತೆ, ಅಂಗಿ ನನ್ನ ಹಿಂದೆ ಹಿಂದೆ ಬಂತು. ಯಜಮಾನರು ನಕ್ಕರು. ಆಸ್ಪತ್ರೆಯಿಂದ ಬಂದ ಮೇಲೆ ಮನೆಯಲ್ಲಿ ಕೇಳಿದ ಮೊದಲ ನಗು ಅದು.

ಹೀಗೇ ಒಂದು ಮಧ್ಯಾಹ್ನ ಲಂಗದ ಅಂಚು ಹೊಲಿಯುತ್ತಿದ್ದೆ. ಸೂಜಿ ಮುಂದಕ್ಕೆ ಹೋಗುವ ಮೊದಲು ಬಟ್ಟೆಯ ಸುಕ್ಕು ತಾನಾಗಿ ಸರಿಹೋಯಿತು. ಆ ಕೈ ಹೆಬ್ಬೆರಳಿನಿಂದ ಬಟ್ಟೆಯನ್ನು ತೀಡಿತ್ತು. ಅತ್ತೆ ಹೊಲಿಯುವಾಗ ಹಾಗೇ ತೀಡುತ್ತಿದ್ದರು. ನಾನು ಉಸಿರು ಬಿಗಿಹಿಡಿದು ಇನ್ನೊಂದು ಹೊಲಿಗೆ ಹಾಕಿದೆ. ಮತ್ತೆ ತೀಡಿತು. ನಾನು ಹೇಳದೆ, ಕೇಳದೆ, ಸದ್ದಿಲ್ಲದೆ, ಎದುರಿಗೆ ಕೂತು ನೆರವಾಗುವವರಂತೆ ಕೆಲಸ ಮಾಡಿತು.

ಅಳು ಬಂತು. ಆ ವರಸೆಯನ್ನು ನನಗೆ ಕಲಿಸಿದ್ದು ಅವರೇ ಅಲ್ಲವೇ. ನನ್ನ ಕೈಯಲ್ಲಿ ಅವರದ್ದು ಎಷ್ಟು, ನನ್ನದು ಎಷ್ಟು ಎಂದು ಯಾವ ಸ್ಕ್ಯಾನು ಹೇಳುತ್ತದೆ? ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಶಿವಮ್ಮಕ್ಕ ಎಡೆ ಇಡುತ್ತಿದ್ದರು.

ಸುಮಾಳಿಗೆ ಗಂಡುಮಗು ಆಯಿತು. ಅದೇ ಆಸ್ಪತ್ರೆ, ನಾರ್ಮಲ್ ಡೆಲಿವರಿ. ಮನೆಗೆ ಕರೆತಂದ ಮೇಲೆ ಶಿವಮ್ಮಕ್ಕ ನೀರೆರೆದರು, ನಮ್ಮ ಯಜಮಾನರು ಎತ್ತಿಕೊಂಡರು, ನೆರೆಹೊರೆಯವರೂ ಎತ್ತಿಕೊಂಡರು. ನನಗೆ ತೋರಿಸುತ್ತಿದ್ದರು. ಬಲಗಡೆಯಿಂದ. ನಾನೂ ಕೊಡು ಎಂದು ಕೇಳಲಿಲ್ಲ. ಅಷ್ಟು ಹೊತ್ತಿಗೆ ಕೈ ಅರೆಬರೆ ಏಳುತ್ತಿತ್ತು, ಯಾರದೆಂದು ಕೇಳಿದರೆ ನನ್ನದು ಎಂದೇ ಹೇಳುತ್ತಿದ್ದೆ. ಕೇಳಿದಾಗ ಉತ್ತರ ಕೊಡುವುದು ಬೇರೆ. ನನಗೆ ಆ ಕೈಯಲ್ಲಿ ಬಿಸಿಯಿಲ್ಲ, ತಣ್ಣಗಿಲ್ಲ, ಏನೂ ಇಲ್ಲ. ಮಗುವನ್ನು ಅದರ ಮೇಲೆ ಇಟ್ಟರೆ ಮಗು ನನ್ನ ಲೋಕದಿಂದಲೇ ಆಚೆ ಹೋಗಿಬಿಡುತ್ತದೆ ಎಂಬ ದಿಗಿಲು.

ಹೋದ ವಾರ ಬಿಸಿಲೇರುವ ಹೊತ್ತು. ಶಿವಮ್ಮಕ್ಕ ಸಾಂಬ್ರಾಣಿ ಕೆಂಡ ತರಲು ಹಿತ್ತಲಿಗೆ ಹೋಗಿದ್ದರು. ಸುಮಾ ಮಗುವನ್ನು ಎತ್ತಿಕೊಂಡು ಬಂದು ನನ್ನ ಎಡಗಡೆ ಕೂತಳು. ಕಾಣಲಿಲ್ಲ, ಧ್ವನಿ ಕೇಳಿತು.

"ತಿರುಗವ್ವ."

ತಿರುಗಿದೆ. ಮತ್ತೂ ತಿರುಗಿದೆ. ಅವಳ ಮುಖ ಬಂತು, ಆಮೇಲೆ ಮಗು ಬಂತು. ಆ ಕೈಯನ್ನು ಅವಳೇ ಮಡಚಿ, ಅದರ ಮೇಲೆ ಮಗುವನ್ನು ಮಲಗಿಸಿದಳು. ಅಡಿಗೆ ತನ್ನ ಅಂಗೈ ಕೊಟ್ಟಿದ್ದಳು.

"ಬ್ಯಾಡ ಕಣೆ," ಅಂದೆ. "ನಂಗೆ ಎದ್ರಿಕೆ ಆಯ್ತದೆ."

"ನಂಗೂ ಆಯ್ತದೆ," ಅಂದಳು. ಆದರೆ ಎತ್ತಿಕೊಳ್ಳಲಿಲ್ಲ.

ನಾನು ಮಗುವಿನ ಮೇಲಿನ ಕಣ್ಣು ಕೀಳಲಿಲ್ಲ. ಕಿತ್ತರೆ ಎಲ್ಲಿ ಮಾಯವಾಗುತ್ತದೋ ಎಂದು ರೆಪ್ಪೆ ಬಡಿಯಲೂ ಹೆದರಿದೆ. ಮಗು ಆಕಳಿಸಿತು. ಕಾಲು ಝಾಡಿಸಿತು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಎಲ್ಲಿಂದಲೋ, ಬಹಳ ದೂರದಿಂದ, ಬೆಚ್ಚನೆಯದೇನೋ ಹರಿದು ಬರತೊಡಗಿತು. ಮೊದಲು ಮೊಣಕೈ, ಆಮೇಲೆ ಮಣಿಕಟ್ಟು, ಆಮೇಲೆ ಬೆರಳ ಸಂದು.

"ಅಯ್ಯೋ ನಿನ್ ಮನೆ ಕಾಯ್ವಾಗ! ನನ್ ಕೈ ಮ್ಯಾಲೆಲ್ಲಾ ಉಚ್ಚೆ ಉಯ್ದ್‌ಬುಡ್ತು ಕಣಮ್ಮಿ ನಿನ್ನ ಮಗ!"

ಸುಮಾ ನನ್ನ ಮುಖವನ್ನೇ ನೋಡುತ್ತಿದ್ದಳು. ಯಾರೂ ಕೇಳದೆ ಏನು ಹೇಳಿದೆ ಎಂದು ನನಗೆ ಹೊಳೆದದ್ದು ಅವಳ ಕಣ್ಣಲ್ಲಿ ನೀರು ತುಂಬಿದಾಗ.

ಅವಳು ಮಗುವಿನ ಅಡಿಯಿಂದ ತನ್ನ ಅಂಗೈಯನ್ನು ಮೆಲ್ಲಗೆ ಎಳೆದುಕೊಂಡು, ಒಣಬಟ್ಟೆ ತರಲು ಒಳಗೆ ಹೋದಳು.