ಇಟಲಿಗೆ ಒಯ್ದ ಜಿಪ್‌ಲಾಕ್ ಚೀಲ

“ಜಿಪ್‌ಲಾಕ್ ಬ್ಯಾಗ್ ಮರೀಬೇಡ ಕಣೇ. ಹೋಟೆಲ್ ಬ್ರೇಕ್‌ಫಾಸ್ಟ್‌ನಲ್ಲೇ ಬ್ರೆಡ್ಡು, ಬಾಳೆಹಣ್ಣು ತುಂಬ್ಕೊಂಡ್ರೆ ಮಧ್ಯಾಹ್ನದ ಊಟ ಆಗೋಯ್ತು!” ಇಟಲಿಗೆ ಹೊರಟಿದ್ದ ಗೆಳತಿ ಸುಧಾಗೆ ಅಮೆರಿಕದ ಬೆಲ್ವ್ಯೂನ ನಮ್ಮ ಮನೆಯಲ್ಲಿ ಕೂತು ಟಿಪ್ಸ್ ಕೊಡುತ್ತಿದ್ದೆ. ಕಳೆದ ಬೇಸಿಗೆಯಲ್ಲಿ ನಾವೂ ಅಲ್ಲಿ ಹಾಗೇ ಮಾಡಿದ್ದೆವು. ಹೋಟೆಲಿನವರಿಗೆ ಕಾಣದಂತೆ ಮೇಜಿನ ಕೆಳಗೆ ಚೀಲ ಹಿಡಿದುಕೊಂಡಿದ್ದವಳು ಎಂಟು ವರ್ಷದ ಮಗಳು ಅನ್ವಿ.

ಪಕ್ಕದಲ್ಲಿ ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದ ಅವಳು ತಲೆಯೆತ್ತದೆ ಅಂದಳು: “ಅಮ್ಮಾ, ದಟ್ ಲೇಡಿ ಸಾ ಅಸ್. ಐ ಸೆಡ್ ಸಾರಿ ಟು ಹರ್.”

ತಿಂಡಿ ಬಡಿಸುತ್ತಿದ್ದ ಹೆಂಗಸು ನಮ್ಮನ್ನು ನೋಡಿದ್ದಳಂತೆ. ನಾನು ಕಾಫಿ ತರಲು ಎದ್ದಾಗ ಅನ್ವಿಯೇ ಹೋಗಿ ಕ್ಷಮೆ ಕೇಳಿದ್ದಳಂತೆ. ಸುಧಾ ಏನೂ ಕೇಳಿಸದವಳಂತೆ ಫೋನ್ ನೋಡತೊಡಗಿದಳು.

ಈಗಲೂ ಬೆಳಗ್ಗೆ ಮಗಳ ಸ್ಕೂಲಿಗೆಂದು ಜಿಪ್‌ಲಾಕ್‌ನಲ್ಲಿ ಹಣ್ಣು ಹಾಕಿ ಕೊಡುವಾಗ ಅವಳ ಮುಖ ನೋಡಲು ನನ್ನಿಂದಾಗುವುದಿಲ್ಲ.