ಕೆಂಪು ದಾರ ಕಟ್ಟಿದ ಕಾಯಿ

ಬೆರಳು ಉರಿದಾಗಲೇ ನಾನು ಬಾಯಿ ಬಿಡಬೇಕಾಗಿತ್ತು. ಬಿಡಲಿಲ್ಲ. ಅಕ್ಕ ಎದುರಿಗೇ ಕುಳಿತಿದ್ದಳು. ಒಂದು ಮಾತು ಹೇಳಿದ್ದರೆ ಆ ಮೆಣಸಿನಕಾಯಿಯ ಬುಟ್ಟಿ ಮನೆಯಲ್ಲೇ ಉಳಿಯುತ್ತಿತ್ತು. ನಾನು ಕೈಯನ್ನು ಲುಂಗಿಗೆ ಒರೆಸಿಕೊಂಡು ಮುಂದಿನ ಕಾಯಿ ಸೀಳಿದೆ.

ನಾನು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು. ಗೌಂಡಿ ಕೆಲಸ. ದಿನಾ ಟಿಕೋಟದಿಂದ ವಿಜಯಪುರಕ್ಕೆ ಬಸ್ಸಿನಲ್ಲಿ ಹೋಗಿ ಗೋಡೆ ಕಟ್ಟಿ ಬರುತ್ತೇನೆ. ಮದುವೆ ಆಗಲಿಲ್ಲ. ಅಕ್ಕ ಗಂಡ ತೀರಿದ ಮೇಲೆ ಮಗಳನ್ನು ಕರೆದುಕೊಂಡು ಮನೆಗೆ ಬಂದಳು. ಆ ಮಗಳನ್ನು ಬಬಲೇಶ್ವರಕ್ಕೆ ಕೊಟ್ಟ ಮೇಲೆ ಮನೆಯಲ್ಲಿ ಉಳಿದವರು ನಾವಿಬ್ಬರೇ.

ಹಿತ್ತಲಿನಲ್ಲಿ ಅಕ್ಕ ಭಜಿ ಮೆಣಸಿನಕಾಯಿ ಬೆಳೆಯುತ್ತಿದ್ದಳು. ತಿಳಿ ಹಳದಿ ಬಣ್ಣದ, ತುಸು ಬಾಗಿದ, ದಪ್ಪ ತೊಗಲಿನ ಕಾಯಿ. ಖಾರ ಅಂಬುದೇ ಇರಲಿಲ್ಲ. ಅದು ಅವ್ವ ಇಟ್ಟುಹೋದ ಬೀಜ. ಯುಗಾದಿಗೆ ಮುಂಚೆ ಒಡೆದ ಕೊಡದಲ್ಲಿ ಬೀಜ ಹಾಕುವಳು, ಸಸಿ ಬಂದ ಮೇಲೆ ನೆಲಕ್ಕೆ ಹಚ್ಚುವಳು, ಬುಡಕ್ಕೆ ಒಲೆಯ ಬೂದಿ ಚೆಲ್ಲುವಳು. ಎಲೆ ಮುದುಡಿದರೆ ಹುಳಿ ಮಜ್ಜಿಗೆ ಸಿಂಪಡಿಸುವಳು. ಬೀಜಕ್ಕೆಂದು ಒಂದು ಚಲೋ ಕಾಯಿ ಆರಿಸಿ ಅದರ ತೊಟ್ಟಿಗೆ ಕೆಂಪು ದಾರ ಕಟ್ಟುವಳು. ಅದನ್ನು ಯಾರೂ ಮುಟ್ಟುವಂತಿಲ್ಲ. ಗಿಡದ ಮೇಲೇ ಕೆಂಪಾಗಿ ಸುಕ್ಕುಗಟ್ಟುವವರೆಗೆ ಅದು ಅಲ್ಲೇ ಇರಬೇಕು.

ಉಳಿದ ಕಾಯಿಗಳಿಂದ ತುಂಬುಗಾಯಿ ಮಾಡುತ್ತಿದ್ದಳು. ಹೊಟ್ಟೆ ಸೀಳಿ, ಬೀಜ ತೆಗೆದು, ಶೇಂಗಾ ಪುಡಿ, ಗುರೆಳ್ಳು ಪುಡಿ, ಹುಣಸೆಹುಳಿ, ಬೆಲ್ಲ ಕಲಸಿ ತುಂಬಿ, ಎಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಮುಚ್ಚಿಡುವಳು. ಬಿಸಿ ರೊಟ್ಟಿಯ ಜೊತೆ ಹಲ್ಲಿಲ್ಲದವರೂ ತಿನ್ನುತ್ತಿದ್ದರು. ಓಣಿಯಲ್ಲಿ ಯಾರ ಮನೆಯಲ್ಲಿ ಕಾರ್ಯವಿದ್ದರೂ ಅಕ್ಕನ ತುಂಬುಗಾಯಿ ಇರಲೇಬೇಕು.

ಎರಡು ವರ್ಷದ ಹಿಂದೆ ಶ್ರಾವಣದಲ್ಲಿ ಅಕ್ಕ ಬಬಲೇಶ್ವರಕ್ಕೆ ಹೊರಟಳು. ಮಗಳು ತುಂಬಿದ ಬಸುರಿ. ಡಾಕ್ಟರು ಪ್ರಯಾಣ ಬೇಡ ಅಂದಿದ್ದರಿಂದ ಇವಳೇ ಹೋಗಿ ಬಾಣಂತನ ಮಾಡಬೇಕಾಯಿತು. ಹೋಗುವಾಗ ನನ್ನ ಕೈಗೆ ಕೆಂಪು ದಾರದ ಉಂಡೆ ಕೊಟ್ಟಳು.

“ಚಲೋ ಕಾಯಿ ನೋಡಿ ನೀನ ಕಟ್ಟು. ಮತ್ತ ಕೇಳಿಲ್ಲಿ, ಹಿತ್ತಲದಾಗ ಬ್ಯಾರೆ ಮೆಣಸಿನಕಾಯಿ ಹಚ್ಚಬ್ಯಾಡ. ಅದರ ಹೂವಿನ ಮ್ಯಾಲ ಕುಂತ ಹುಳ ಇದರ ಮ್ಯಾಲ ಬಂದು ಕುಂತ್ರ ಬೀಜ ಕೆಡತೈತಿ.”

“ಹುಳಕ್ಕ ಚೀಟಿ ಬರದ ಕೊಡ್ತೀನಿ ಬೇ, ಇಲ್ಲಿ ಕುಂದ್ರಬ್ಯಾಡ ಅಂತ.”

“ನಗು ನಗು. ಅವ್ವ ಇದ್ರ ನಿನ್ನ ಕಿವಿ ಹಿಂಡತಿದ್ಲು.”

ಆಕೆ ಹೋದ ವಾರದಲ್ಲೇ ನಾನು ಇಟ್ಟಂಗಿಹಾಳದಲ್ಲಿ ಒಂದು ಮನೆಯ ಕೆಲಸ ಹಿಡಿದಿದ್ದೆ. ಆ ಮನೆಯವರು ಜವಾರಿ ಖಾರದ ಮೆಣಸಿನ ಸಸಿ ಕೊಟ್ಟರು, ನಾಲ್ಕು. ನನಗೆ ಖಾರ ಬೇಕು. ಒಬ್ಬನೇ ಇದ್ದಾಗ ರೊಟ್ಟಿಗೆ ಹಸಿ ಖಾರ ಕುಟ್ಟಿಕೊಂಡರೆ ನನ್ನ ಊಟ ಮುಗಿಯಿತು. ಅಕ್ಕನ ಗಿಡಗಳ ಪಕ್ಕದಲ್ಲೇ ಹಚ್ಚಿದೆ, ನೀರು ಹಾಕಲು ಸುಲಭ ಅಂತ. ಅವು ಹೂ ಬಿಟ್ಟ ದಿನಗಳಲ್ಲೇ ಅಕ್ಕನ ಗಿಡದಲ್ಲಿ ಹಿಡಿದ ಒಂದು ಎಳೆಯ ಕಾಯಿಗೆ ನಾನು ಕೆಂಪು ದಾರ ಕಟ್ಟಿದೆ. ಎರಡೂ ಹೂವಿನ ಮೇಲೆ ಜೇನುಹುಳ ಓಡಾಡುವುದನ್ನು ಕಣ್ಣಾರೆ ಕಂಡೆ. ಹೆಂಗಸರ ಮಾತು ಅಂದುಕೊಂಡೆ.

ದೀಪಾವಳಿಗೆ ಬರುತ್ತೇನೆಂದು ಅಕ್ಕ ಫೋನು ಮಾಡಿದಳು. ಬರುವ ಹಿಂದಿನ ದಿನ ನಾಲ್ಕೂ ಗಿಡ ಕಿತ್ತು ಹಳ್ಳದ ದಂಡೆಗೆ ಒಗೆದು ಬಂದೆ. ಆಕೆ ಚೀಲ ಇಳಿಸಿದವಳೇ ಹಿತ್ತಲಿಗೆ ಹೋದಳು.

“ಇಲ್ಲಿ ಮಣ್ಣ ಯಾಕ ಸಡ್ಲ ಆಗೇತಿ?”

“ಹೆಗ್ಗಣ ತ್ವಾಡ್ಯಾವು.”

ಆಕೆ ನಂಬಿದಳು. ಮರುದಿನವೇ ಪಕ್ಕದ ಮನೆಯಿಂದ ಬೋನು ತಂದಿಟ್ಟಳು. ವಾರಗಟ್ಟಲೆ ದಿನಾ ಅದರಲ್ಲಿ ಒಂದು ತುಣುಕು ರೊಟ್ಟಿ ಇಡುತ್ತಿದ್ದಳು. ಒಂದು ಹೆಗ್ಗಣವೂ ಬೀಳಲಿಲ್ಲ.

ಮುಂದಿನ ವರ್ಷ ಆ ಬೀಜವನ್ನೇ ಹಾಕಿದಳು. ಕಾಯಿ ತುಸು ಸಣ್ಣಗೆ, ಹಸಿರಾಗಿ ಬಂದವು. “ನೀರ ಕಡಿಮಿ ಆತೇನೋ” ಅಂದಳು. ನಾನು ಹೂಂ ಅಂದೆ. ಶ್ರಾವಣದಲ್ಲಿ ಮೊಮ್ಮಗನ ಜಾವಳ, ಬಬಲೇಶ್ವರದಲ್ಲಿ. ಹುಟ್ಟುಗೂದಲು ತೆಗೆಯುವ ಆ ಕಾರ್ಯಕ್ಕೆ ಮೊದಲ ಕೊಯ್ಲಿನ ಕಾಯಿಯಿಂದಲೇ ತುಂಬುಗಾಯಿ ಮಾಡಿಕೊಂಡು ಹೋಗಬೇಕೆಂದು ಆಕೆಯ ಹಟ. ವರ್ಷದ ಮೊದಲ ಕಾಯಿಯನ್ನು ದೇವರಿಗೆ ಎಡೆ ಹಿಡಿಯುವವರೆಗೆ ನಮ್ಮಲ್ಲಿ ಯಾರೂ ಬಾಯಿಗೆ ಹಾಕುವುದಿಲ್ಲ, ಅಡುಗೆ ಮಾಡುವವಳೂ ರುಚಿ ನೋಡುವುದಿಲ್ಲ. ಆ ಬೆಳಿಗ್ಗೆ ಅಕ್ಕ ಶೇಂಗಾ ಕುಟ್ಟುತ್ತಿದ್ದಳು, ನಾನು ಕಾಯಿ ಸೀಳಿ ಬೀಜ ತೆಗೆಯುತ್ತಿದ್ದೆ. ಸಿಮೆಂಟಿನಿಂದ ನನ್ನ ಬೆರಳು ಯಾವಾಗಲೂ ಸೀಳಿರುತ್ತವೆ. ನಾಲ್ಕನೆಯದೋ ಐದನೆಯದೋ ಕಾಯಿಗೆ ಉರಿ ಹತ್ತಿತು. ನನಗೆ ಎಲ್ಲಾ ತಿಳಿಯಿತು. ಹೇಳಿದರೆ ಗಿಡದ ಸಂಗತಿ ಹೇಳಬೇಕು, ಹೆಗ್ಗಣದ ಸಂಗತಿಯೂ ಹೇಳಬೇಕು. ಒಂದೆರಡು ಕಾಯಿ ಹಾಗಿರಬಹುದು ಅಂದುಕೊಂಡು ಸುಮ್ಮನಾದೆ.

ಪಂಕ್ತಿಯಲ್ಲಿ ಎಲ್ಲರಿಗಿಂತ ಮೊದಲು ತಿಂದವಳು ಮಗಳ ಅತ್ತೆ. ಬಾಯಿ ಹುಣ್ಣಿನ ಮುದುಕಿ. ಅಕ್ಕನ ತುಂಬುಗಾಯಿಯನ್ನು ನಂಬಿ ಇಡೀ ಕಾಯಿ ಬಾಯಿಗಿಟ್ಟಳು. ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾದವು. ನೀರು, ಬೆಲ್ಲ, ಮಜ್ಜಿಗೆ ಎಲ್ಲಾ ಕೊಟ್ಟರು. ಉಸಿರು ಬಂದ ಮೇಲೆ ಅಂದಳು:

“ಯವ್ವಾ ಬೀಗತಿ, ಮಮ್ಮಗನ ಜಾವಳಕ್ಕ ಬಂದಿಯೋ, ನನ್ನ ಮಣ್ಣಿಗೆ ಬಂದಿಯೋ?”

ಎಲ್ಲರೂ ನಕ್ಕರು. ಇನ್ನೊಬ್ಬಾಕೆ, “ವಯಸ್ಸಾತಲ್ರಿ, ಬೀಜ ಕಲಬೆರಕಿ ಮಾಡ್ಯಾರ” ಅಂದಳು. ಅಕ್ಕ ತಾನೇ ಒಂದು ತುಣುಕು ತಿಂದು ನೋಡಿದಳು. ನೀರು ಕುಡಿಯಲಿಲ್ಲ. ಪಾತ್ರೆಯನ್ನು ಒಳಗೆ ತೆಗೆದುಕೊಂಡು ಹೋದಳು. ನಾನು ಎಲೆಯ ಮುಂದೆ ಕುಳಿತಿದ್ದೆ, ಹೋಳಿಗೆ ತಿನ್ನುತ್ತಿದ್ದೆ.

ಊರಿಗೆ ಬಂದು ಬೀಜದ ಬಾಟಲಿಯನ್ನು ಒಲೆಗೆ ಸುರಿದಳು. “ಯಾವ ಡಬ್ಬಿದ ಬೀಜ ಯಾವದಕ್ಕ ಹಾಕೀನೋ ಏನೋ” ಅಂದಳು. ಬೀಜ ಹೋದದ್ದು ಒಂದು ದುಃಖ. ಆಮೇಲೆ ನಡೆದದ್ದು ಅದಕ್ಕಿಂತ ದೊಡ್ಡದು. ಅಕ್ಕ ತನ್ನನ್ನೇ ನಂಬದಾದಳು. ನಲವತ್ತು ವರ್ಷ ಒಲೆಯ ಮುಂದೆ ಕುಳಿತವಳು ನನ್ನ ಮುಂದೆ ಅಂಗೈ ಚಾಚಿ, “ನೋಡೋ ತಮ್ಮಾ, ಇದು ಜೀರಗಿ ಹೌದಲ್ಲೋ?” ಅಂತ ಕೇಳುತ್ತಿದ್ದಳು. ಉಪ್ಪು ಹಾಕಿದ ಮೇಲೆ ಹಾಕಿದೆನೋ ಇಲ್ಲವೋ ಎಂದು ಕರೆದು ಕೇಳುವಳು. ಓಣಿಯ ಕಾರ್ಯಕ್ಕೆ ಕರೆದರೆ ಮೊಣಕಾಲು ನೋವು ಅನ್ನುವಳು. ಹೌದು, ಜೀರಿಗೆಯೇ, ಅಂತ ನಾನು ದಿನಾ ಹೇಳುತ್ತಿದ್ದೆ. ಅಷ್ಟೇ ಹೇಳುತ್ತಿದ್ದೆ.

ಈ ಚಳಿಗಾಲದಲ್ಲಿ ಕಣ್ಣು ತೋರಿಸಬೇಕು ಅಂದಳು. ವಿಜಯಪುರಕ್ಕೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಬೆಳಕು ಬಿಟ್ಟು ನೋಡಿ, ಅಕ್ಷರ ಬಾರದವಳೆಂದು ಚಿತ್ರ ತೋರಿಸಿ, “ಕಣ್ಣ ಚಲೋ ಅದಾವ್ರಿ ಅಮ್ಮಾರ, ಏನೂ ಆಗಿಲ್ಲ” ಅಂದರು. ಅಕ್ಕನಿಗೆ ಸಂತೋಷ ಆಗಲಿಲ್ಲ. ಹೊರಗೆ ಮೆಟ್ಟಿಲು ಇಳಿಯುತ್ತಾ ಅಂದಳು:

“ಕಣ್ಣ ಚಲೋ ಅದಾವಂದ್ರ ತಲೀನ ಕೆಟ್ಟೈತಿ ಹಂಗಾರ.”

ಬಸ್ ನಿಲ್ದಾಣದ ಹತ್ತಿರ ಒಂದು ಗಾಡಿಯಲ್ಲಿ ಬಿಸಿ ಮಿರ್ಚಿ ಭಜಿ ಕರಿಯುತ್ತಿದ್ದರು. ಒಂದು ಪ್ಲೇಟು ತಂದೆ. ಕಟ್ಟೆಯ ಮೇಲೆ ಕುಳಿತೆವು. ಅಕ್ಕ ಒಂದನ್ನು ಎತ್ತಿ, ಬಾಯಿಗಿಡದೆ ನನ್ನ ಕಡೆ ಚಾಚಿದಳು.

“ನೀ ಮೊದಲ ಕಡದು ನೋಡು. ಖಾರ ಐತೇನೋ ನನಗೀಗ ಗೊತ್ತಾಗಂಗಿಲ್ಲ.”

ಕಚ್ಚಲು ನನ್ನಿಂದ ಆಗಲಿಲ್ಲ. ಭಜಿಯನ್ನು ಪ್ಲೇಟಿಗಿಟ್ಟೆ.

“ಅಕ್ಕಾ, ನಿನ್ನ ತಲಿ ಕೆಟ್ಟಿಲ್ಲ. ನೀ ಬಾಣಂತನಕ್ಕ ಹೋದಾಗ ನಿನ್ನ ಗಿಡದ ಬಾಜೂಕ ನಾ ಖಾರದ ಸಸಿ ಹಚ್ಚಿದ್ದೆ. ನೀ ಬರೂ ಮೊದ್ಲ ಕಿತ್ತ ಒಗದೆ. ಹೆಗ್ಗಣ ತ್ವಾಡಿದ್ದಲ್ಲ ಅದು.”

ಆಕೆ ಪ್ಲೇಟನ್ನು ಪಕ್ಕಕ್ಕೆ ಸರಿಸಿದಳು. ಒಂದು ಬಸ್ಸು ಬಂತು, ಹೋಯಿತು, ನಮ್ಮೂರಿನದೇ.

“ಎಷ್ಟ ಗಿಡ?”

“ನಾಕು.”

“ದಿನಾ ರೊಟ್ಟಿ ಇಡತಿದ್ನಲ್ಲೋ ಬೋನಿನ್ಯಾಗ. ನೋಡಕೋತ ಕುಂತಿದ್ದಿ.”

ಆಕೆ ನನ್ನ ಬೆರಳುಗಳ ಕಡೆ ನೋಡಿದಳು.

“ಜಾವಳದ ದಿನ ಕಾಯಿ ಸೀಳಿದಾಂವ ನೀನ. ಕೈ ಉರೀಲಿಲ್ಲೇನು?”

“ಉರೀತಕ್ಕಾ. ಉರಿದ್ರೂ ಸುಮ್ನ ಕುಂತೆ. ಎಲ್ಲಾರೂ ನಿನ್ನ ನೋಡಿ ನಗುವಾಗೂ ಸುಮ್ನ ಕುಂತೆ. ನೀ ಜೀರಗಿ ತೋರಿಸಿದಾಗೆಲ್ಲಾ ಸುಮ್ನಿದ್ದೆ. ತಪ್ಪಾತು ಅಕ್ಕಾ, ನಂದ ತಪ್ಪು. ಹೊಟ್ಟ್ಯಾಗ ಹಾಕ್ಕೋ.”